ನಾಳೆಯಿಂದ ಹಾಗಲರಸ ಬೇಡ

ಸಂಶೋಧನಾಲಯದಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಗೇಟು ಕಾಯುವವನಿಂದ ಹಿಡಿದು ದೊಡ್ಡ ಮೇಡಂವರೆಗೆ ಎಲ್ಲರ ಬಾಯಲ್ಲೂ ಅವಳು ಬೀಜದಕ್ಕ. ಹೆಸರು ಸುಮ್ಮನೆ ಬಂದದ್ದಲ್ಲ. ಹಣ್ಣಾಗಿ ಬಾಯಿಬಿಟ್ಟ ಹಾಗಲಕಾಯಿ ಅಲ್ಲಿಗೆ ಚೀಲಗಟ್ಟಲೆ ಬರುತ್ತಿತ್ತು. ಅದನ್ನು ಸೀಳಿ, ಬೀಜಕ್ಕೆ ಅಂಟಿದ ಕೆಂಪು ಲೋಳೆ ತೊಳೆದು, ನೆರಳಿನಲ್ಲಿ ಒಣಗಿಸಿ, ಒಂದೊಂದೇ ಬೀಜವನ್ನು ಇಕ್ಕಳದಲ್ಲಿ ಹಿಡಿದು ಸಿಪ್ಪೆ ಒಡೆದು, ಒಳಗಿನ ಬಿಳಿ ಬೇಳೆಯನ್ನು ಹೆಬ್ಬೆರಳ ಉಗುರಿನಿಂದ ಬಿಡಿಸಬೇಕು. ಯಂತ್ರಕ್ಕೆ ಕೊಟ್ಟು ನೋಡಿದ್ದರಂತೆ. ಅದು ಸಿಪ್ಪೆ, ಬೇಳೆ ಎರಡನ್ನೂ ಸೇರಿಸಿ ಹಿಟ್ಟು ಮಾಡಿಟ್ಟಿತು. ಹಾಗಾಗಿ ಬೀಜದಕ್ಕನ ಉಗುರಿಗೆ ಬೆಲೆ ಬಂತು. ವರ್ಷ ಕಳೆದ ಹಾಗೆ ಆ ಉಗುರು ಹಳದಿಗಟ್ಟಿ, ದಪ್ಪವಾಗಿ, ಬೇರೆ ಯಾರದೋ ಬೆರಳನ್ನು ತಂದು ಅವಳ ಕೈಗೆ ಜೋಡಿಸಿದ ಹಾಗೆ ಕಾಣುತ್ತಿತ್ತು.

ಬಿಡಿಸಿದ ಬೇಳೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಅರೆಯುವುದು ತಣ್ಣನೆ ಕೋಣೆಯಲ್ಲಿ. ಹೊರಗೆ ಬಿಸಿಲು ಧಗಧಗ ಉರಿಯುವಾಗಲೂ ಅವಳು ಒಳಗೆ ಸ್ವೆಟರು, ಕಾಲುಚೀಲ, ತಲೆಗೆ ಮಫ್ಲರು ಸುತ್ತಿಕೊಂಡು ಕೂತಿರುತ್ತಿದ್ದಳು. ಮಿಕ್ಸಿಯನ್ನು ಒಂದೇ ಸಮ ಓಡಿಸುವ ಹಾಗಿಲ್ಲ. ಒಂದಿಷ್ಟು ತಿರುಗಿಸಿ, ನಿಲ್ಲಿಸಿ, ಜಾರನ್ನು ಐಸಿನಲ್ಲಿ ಕೂರಿಸಿ, ಮತ್ತೆ ತಿರುಗಿಸಬೇಕು. ಆ ಬೇಳೆಯೊಳಗಿನ ಪ್ರೋಟೀನು ಮುನಿಸಿನ ಅಳಿಯನಿದ್ದ ಹಾಗೆ. ಬಿಸಿ ತಾಗಿದರೆ ಕೆಟ್ಟಿತು, ಕುಲುಕಿ ನೊರೆ ಬರಿಸಿದರೂ ಕೆಟ್ಟಿತು. ಎಲ್ಲ ಸೇವೆ ಮುಗಿದ ಮೇಲೆ ಸಿಗುವುದು ಪುಟ್ಟ ಕೊಳವೆಯ ತಳದಲ್ಲಿ ಒಂದಿಷ್ಟು ತಿಳಿನೀರು. ಅದನ್ನು ಲಿವರ್ ಕ್ಯಾನ್ಸರಿನ ಜೀವಕೋಶಗಳ ಮೇಲೆ ಹಾಕಿದರೆ ಅವು ಸಾಯುತ್ತಿದ್ದವು. ರೋಗಿಯ ಮೈಯೊಳಗಿನವಲ್ಲ, ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಕಿಕೊಂಡವು. ಈ ವ್ಯತ್ಯಾಸ ಬೀಜದಕ್ಕನಿಗೂ ಚೆನ್ನಾಗಿ ಗೊತ್ತಿತ್ತು. ಆದರೆ ಮನೆಯವರ ಮುಂದೆ ಜಂಬ ಕೊಚ್ಚುವಾಗ ತಟ್ಟೆಯ ಮಾತು ಯಾರಿಗೆ ನೆನಪಾಗುತ್ತದೆ?

ಮನೆಯವರು ಅಂದರೆ ತಮ್ಮ, ತಮ್ಮನ ಹೆಂಡತಿ, ಅವರ ಮಗಳು ಪುಟ್ಟಿ. ಬೀಜದಕ್ಕನಿಗೂ ಗಂಡ ಅಂತ ಒಬ್ಬನಿದ್ದ. ಅವನ ವಿಷಯ ಅಷ್ಟು ಹೇಳಿದರೆ ಸಾಕು. ತಾಯಿ ಸತ್ತಾಗ ತಮ್ಮ ಇನ್ನೂ ತೊದಲು ಮಾತಿನವನು. ಅವನಿಗೆ ಅನ್ನ ಕಲಸಿ ತಿನ್ನಿಸಿದ್ದು, ಮೂಗು ಒರೆಸಿದ್ದು, ಶಾಲೆಗೆ ಎಳೆದುಕೊಂಡು ಹೋಗಿ ಬಿಟ್ಟದ್ದು ಎಲ್ಲ ಅಕ್ಕನೇ. ಶಾಲೆ ಅವನ ತಲೆಗೆ ಹತ್ತಲಿಲ್ಲ, ಬೀಗ ಹತ್ತಿತು. ಬಸ್ ನಿಲ್ದಾಣದ ಪಕ್ಕ ತಗಡಿನ ಗೂಡಂಗಡಿ ಇಟ್ಟುಕೊಂಡು ಬೀಗ ರಿಪೇರಿ, ನಕಲಿ ಕೀ ಮಾಡುವ ಕೆಲಸ ಮಾಡುತ್ತಿದ್ದ. ಕೀ ಕಳೆದುಕೊಂಡು ಬಂದವರಿಗೆ ಮೊದಲು ಒಂದು ಬುದ್ಧಿವಾದ, ಆಮೇಲೆ ಕೀ. ಊರವರ ಬಾಗಿಲೆಲ್ಲ ತೆರೆಯಬಲ್ಲವನಾದರೂ ತಮ್ಮ ಕಳ್ಳನಾಗಲಿಲ್ಲವಲ್ಲ ಅಂತ ಅಕ್ಕನಿಗೆ ಹೆಮ್ಮೆ.

ಒಂದು ಭಾನುವಾರ ಊಟಕ್ಕೆ ಕೂತಾಗ ಅವಳು ಹೇಳಿದಳು: "ನಾನು ಬಿಡಿಸ್ತೀನಲ್ಲ, ಆ ಬೀಜದಲ್ಲಿ ಲಿವರ್ ಕ್ಯಾನ್ಸರ್ ಕೊಲ್ಲೋ ಮದ್ದಿದೆ. ಸತ್ತು ಬಿದ್ದಿರೋದನ್ನ ಕಣ್ಣಾರೆ ನೋಡಿದೀನಿ."

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಿನ್ನ ಹಿತ್ತಲದ್ದು ಮಾತ್ರ ಮದ್ದಾ?" ಅಂತ ತಮ್ಮ ನಕ್ಕ.

ಅವನ ಹೆಂಡತಿ ನಗಲಿಲ್ಲ. ಅವಳು ಮಾತು ಕಡಿಮೆಯ ಹೆಣ್ಣು. ಹಳೆಯ ಗುಂಡಿ, ಒಳ್ಳೆಯ ದಾರ, ಖಾಲಿ ಡಬ್ಬಿ ಎಲ್ಲವನ್ನೂ ಬೇಕಾದೀತು ಅಂತ ಎತ್ತಿಡುವವಳು. ಆ ಮಾತನ್ನೂ ಹಾಗೇ ಎತ್ತಿಟ್ಟುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಹೇಳಿದ್ದು ಇಂಥ ಊಟದ ಹೊತ್ತಿಗೇ ಇರಬೇಕು.

ಆಮೇಲೆ ತಮ್ಮನ ಕಣ್ಣು ಹಳದಿಯಾಯಿತು. ಚಿಕ್ಕಂದಿನಲ್ಲಿ ಬಂದ ಕಾಮಾಲೆ ಹೋಯಿತು ಅಂದುಕೊಂಡಿದ್ದರು. ಅದರ ವೈರಸ್ಸು ಹೋಗಿರಲಿಲ್ಲ, ಲಿವರಿನೊಳಗೆ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ತಳವೂರಿತ್ತು. ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾಯಿತು. ಸ್ಕ್ಯಾನು ನೋಡಿದ ಡಾಕ್ಟರು ಕ್ಯಾನ್ಸರ್ ಅಂದರು. ಹೊಟ್ಟೆ ತೆರೆದು ನೋಡೋಣ, ತೆಗೆಯಲು ಬಂದರೆ ತೆಗೆಯೋಣ ಅಂದರು.

ಬೀಜದಕ್ಕ ಮರುದಿನವೇ ದೊಡ್ಡ ಮೇಡಂ ಕೋಣೆಯ ಬಾಗಿಲಲ್ಲಿ ನಿಂತಳು. ತಟ್ಟೆಯಲ್ಲಿ ಎಷ್ಟೋ ವರ್ಷಗಳಿಂದ ಬೆಳೆಸಿದ ಹಳೆಯ ಜೀವಕೋಶ ಸಾಲದು, ಈಗಿನ ರೋಗಿಗಳ ಗೆಡ್ಡೆಯ ತುಣುಕು ಬೇಕು ಅಂತ ಮೇಡಂ ಆಸ್ಪತ್ರೆಗೆ ಹೇಳಿಟ್ಟಿದ್ದು ಅವಳಿಗೆ ಗೊತ್ತಿತ್ತು.

"ನನ್ನ ತಮ್ಮಂದು ತಗೊಳ್ಳಿ ಮೇಡಂ."

ಮೇಡಂ ಕನ್ನಡಕ ತೆಗೆದಿಟ್ಟು ಅವಳನ್ನು ಕೂರಿಸಿದರು. "ತಗೊಳ್ತೀವಿ. ಆದ್ರೆ ಅಕ್ಕ, ಇದರಿಂದ ನಿಮ್ಮ ತಮ್ಮನಿಗೆ ಏನೂ ಸಿಗಲ್ಲ. ಇದು ಮುಂದೆ ಯಾರಿಗೋ ಆಗಬಹುದು, ಆಗದೇನೂ ಇರಬಹುದು. ಅವರಿಗೂ ಇದನ್ನ ಸರಿಯಾಗಿ ಹೇಳಿ."

"ಗೊತ್ತು ಮೇಡಂ" ಅಂತ ಬೀಜದಕ್ಕ ತಲೆಯಾಡಿಸಿದಳು. ತಲೆ ಆಡಿತು, ಮನಸ್ಸು ಆಡಲಿಲ್ಲ. ಮದ್ದು ತಮ್ಮನ ಗೆಡ್ಡೆಯನ್ನೇ ಕೊಂದರೆ, ಕಣ್ಣೆದುರು ಕೊಂದರೆ, ಆಗ ಮೇಡಂ ಹೇಗೆ ಬೇಡ ಅಂದಾರು? ನಾನು ಅವರ ಕಾಲು ಹಿಡಿದರೆ ಇಲ್ಲ ಅಂದಾರೆಯೇ? ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಇವಳ ಕೈಯಲ್ಲಿ ದಿನವೂ ಚೀಲಗಟ್ಟಲೆ ಬೀಜವೇ ಇತ್ತು.

ತಮ್ಮ ಒಪ್ಪಿದ. "ಕೆಟ್ಟ ಬೀಗ ಬಿಚ್ಚಿದ ಮೇಲೆ ಒಳಗಿನ ಚೂರು ನಾನೂ ಎತ್ತಿಟ್ಟುಕೊಳ್ತೀನಿ, ಮುಂದೆ ಬೇಕಾಗುತ್ತೆ. ತಗೊಳ್ಳಲಿ ಬಿಡು" ಅಂದ. ಡಾಕ್ಟರು ಹೊಟ್ಟೆ ತೆರೆದರು, ನೋಡಿದರು, ಒಂದು ತುಣುಕು ಕತ್ತರಿಸಿಕೊಂಡು ಹಾಗೇ ಮುಚ್ಚಿ ಹೊಲಿದರು. ತೆಗೆಯುವ ಹಂತ ಎಂದೋ ದಾಟಿತ್ತು. ತುಣುಕು ಐಸಿನ ಡಬ್ಬಿಯಲ್ಲಿ ಸಂಶೋಧನಾಲಯಕ್ಕೆ ಬಂತು. ತಮ್ಮ ಮನೆಗೆ ಬಂದ.

ತಮ್ಮ ಮನೆಗೆ ಬಂದ ಮಾರನೆಯ ಬೆಳಿಗ್ಗೆಯೇ ಅವನ ಹೆಂಡತಿ ಎತ್ತಿಟ್ಟ ಮಾತನ್ನು ಹೊರಗೆ ತೆಗೆದಳು. ಬೀಜದಕ್ಕ ನೋಡಲು ಹೋದಾಗ ಅಡುಗೆಮನೆಯಲ್ಲಿ ಮಿಕ್ಸಿ ಅರಚುತ್ತಿತ್ತು. ಹಾಗಲಕಾಯಿಯನ್ನು ಬೀಜ ಸಮೇತ ಹಾಕಿ, ಒಂದೇ ಸಮ ಓಡಿಸಿ, ಜಾರು ಬಿಸಿಯೇರಿ, ಹಸಿರು ನೊರೆ ಮುಚ್ಚಳದಿಂದ ಉಕ್ಕುತ್ತಿತ್ತು. ತಣ್ಣನೆ ಕೋಣೆಯಲ್ಲಿ ಯಾವುದನ್ನೆಲ್ಲ ಮಾಡಬಾರದೋ ಅದೆಲ್ಲ ಅಲ್ಲಿ ನಡೆದಿತ್ತು. ನೊರೆಯ ಮಾತು ಹಾಗಿರಲಿ, ಐಸಿನಲ್ಲಿಟ್ಟು ಜೋಪಾನವಾಗಿ ತೆಗೆದಿದ್ದರೂ ಅಷ್ಟೇ. ಬಾಯಿಂದ ಒಳಗೆ ಹೋದ ಪ್ರೋಟೀನು ಹೊಟ್ಟೆಯಲ್ಲಿ ಬೇಳೆಕಾಳಿನ ಹಾಗೆ ಜೀರ್ಣವಾಗಿ ಹೋಗುತ್ತದೆ, ಲಿವರಿಗೆ ಮದ್ದಾಗಿ ತಲುಪುವುದಿಲ್ಲ. ಅದನ್ನು ಹೇಳಲು ಬೀಜದಕ್ಕ ಬಾಯಿ ತೆರೆದಳು.

"ಅಕ್ಕಾ, ನೀವು ಹೇಳಿದ್ದಿರಲ್ಲ" ಅಂತ ತಮ್ಮನ ಹೆಂಡತಿ ಲೋಟ ಎತ್ತಿ ತೋರಿಸಿದಳು. ಆಸ್ಪತ್ರೆಯಲ್ಲಿ ಬೂದಿಯಾಗಿದ್ದ ಮುಖಕ್ಕೆ ಅಂದು ಸ್ವಲ್ಪ ಜೀವ ಬಂದಿತ್ತು. ಬೀಜದಕ್ಕ ತೆರೆದ ಬಾಯಿ ಮುಚ್ಚಿದಳು.

ಅಂದಿನಿಂದ ತಮ್ಮನಿಗೆ ದಿನವೂ ಬೆಳಿಗ್ಗೆ ಆ ಲೋಟ. ಮೂಗು ಹಿಡಿದು ಕುಡಿಯುತ್ತಿದ್ದ, ಕುಡಿದು ಓಕರಿಸುತ್ತಿದ್ದ, ಎಷ್ಟೋ ಸಲ ಹೊಟ್ಟೆಯಲ್ಲಿದ್ದ ಎರಡು ತುತ್ತೂ ಅದರ ಜೊತೆ ಹೊರಗೆ ಬರುತ್ತಿತ್ತು. ಆಮೇಲೆ ಇಡೀ ದಿನ ನಾಲಗೆ ಕಹಿ, ನೀರೂ ಸೇರದು. ಆದರೂ ಬೇಡ ಅನ್ನಲಿಲ್ಲ. ಅಕ್ಕನ ಮದ್ದು ಅಲ್ಲವೇ? ಆ ವಾಂತಿಯ ಶಬ್ದ ಕೇಳಿದಾಗೆಲ್ಲ ಬೀಜದಕ್ಕನಿಗೆ ತನ್ನ ಬಾಯಿಗೆ ಬೀಗ ಹಾಕುವವರು ಆ ಭಾನುವಾರ ಯಾರೂ ಇರಲಿಲ್ಲವಲ್ಲ ಅನ್ನಿಸುತ್ತಿತ್ತು.

ಅತ್ತ ತಟ್ಟೆಯಲ್ಲಿ ತಮ್ಮನ ಗೆಡ್ಡೆ ಚೆನ್ನಾಗಿ ಬೆಳೆಯಿತು. ಎಲ್ಲರ ತುಣುಕೂ ಹೀಗೆ ನೆಲೆ ನಿಲ್ಲುವುದಿಲ್ಲವಂತೆ. ಅದಕ್ಕೆ ಮೈಯಷ್ಟೇ ಬೆಚ್ಚಗಿನ ಪೆಟ್ಟಿಗೆ, ಹೊತ್ತು ಹೊತ್ತಿಗೆ ಗುಲಾಬಿ ಬಣ್ಣದ ಆಹಾರದ ನೀರು. ಆಹಾರ ಬದಲಿಸುವವಳು ಮೇಡಂ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ. ಆ ಬಾಟಲಿಯನ್ನು ಮೊದಲೇ ಬೆಚ್ಚಗೆ ಮಾಡಿ ಕೊಡುವವಳು ಬೀಜದಕ್ಕ. ತಮ್ಮನಿಗೆ ಇದನ್ನು ಹೇಳಿದಾಗ ಅವನು ದಿಂಬಿಗೆ ಒರಗಿ ಮೆಲ್ಲಗೆ ನಕ್ಕ.

"ನನಗೆ ಅನ್ನ ಸೇರಲ್ಲ, ಅದಕ್ಕೆ ಮಾತ್ರ ಬಿಸಿಬಿಸಿ ಊಟ. ಚಿಕ್ಕೋನಿದ್ದಾಗ ನನ್ನ ಸಾಕಿದೆ, ಈಗ ನನ್ನ ತಿನ್ನೋದನ್ನ ಸಾಕ್ತಾ ಇದೀಯ."

ಅವಳೂ ನಕ್ಕಳು. ನಗದೆ ಇನ್ನೇನು ಮಾಡಬೇಕು? ಮರುದಿನ ಆ ಬಾಟಲಿ ಹಿಡಿದಾಗ ನೆಲಕ್ಕೆ ಅಪ್ಪಳಿಸಿಬಿಡಬೇಕು ಅನ್ನಿಸಿತು. ಅಪ್ಪಳಿಸಲಿಲ್ಲ, ಬೆಚ್ಚಗೆ ಮಾಡಿ ಕೊಟ್ಟಳು.

ತಟ್ಟೆಯ ಗೆಡ್ಡೆಗೆ ಮದ್ದು ಹಾಕಿದ್ದರ ಫಲ ನೋಡುವ ದಿನ ತಮ್ಮನಿಗೂ ಗೊತ್ತಿತ್ತು. ಅವಳು ಬೆಳಿಗ್ಗೆ ಹೊರಡುವ ಮೊದಲು ಅವನ ಮನೆಗೆ ಹೋದಾಗ, "ಸಂಜೆ ಬಂದು ಹೇಳು" ಅಂದಿದ್ದ. ಮಧ್ಯಾಹ್ನ ಹುಡುಗಿ ಓಡಿ ಬಂದು ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಮೊದಲು ಮದ್ದು ಹಾಕದ ತಟ್ಟೆ. ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಯ ಹಾಗೆ ಒಂದಕ್ಕೊಂದು ಒತ್ತಿಕೊಂಡು ತಮ್ಮನ ಜೀವಕೋಶಗಳು ತಳಕ್ಕೆ ಅಂಟಿ ಕೂತಿದ್ದವು. ಆಮೇಲೆ ಮದ್ದು ಹಾಕಿದ ತಟ್ಟೆ. ಅಲ್ಲಿ ತಳ ಖಾಲಿ. ಸತ್ತವೆಲ್ಲ ಮುದುಡಿ ಉಂಡೆಯಾಗಿ ನೀರಿನಲ್ಲಿ ತೇಲುತ್ತಿದ್ದವು.

"ಅಕ್ಕ, ಸತ್ತುಹೋಗಿದೆ, ಎಷ್ಟು ಚೆನ್ನಾಗಿ ಸತ್ತಿದೆ ನೋಡಿ" ಅಂದ ಹುಡುಗಿ ಅವಳ ಮುಖ ಕಂಡು ಅಲ್ಲಿಗೇ ಮಾತು ನಿಲ್ಲಿಸಿದಳು.

ಬೀಜದಕ್ಕ ಸ್ವೆಟರಿನಲ್ಲೇ ಮೇಡಂ ಕೋಣೆಗೆ ಹೋದಳು. ಕಾಲು ಹಿಡಿಯಬೇಕು ಅಂದುಕೊಂಡಿದ್ದವಳು, ತಮ್ಮನಿಗೆ ಮದ್ದು ಕೊಡಿ ಅಂತ ನಿಂತೇ ಕೇಳಿದಳು. ಮೇಡಂ ಗದರಲಿಲ್ಲ, ಕೆಲಸವಿದೆ ಅನ್ನಲಿಲ್ಲ. ಎದ್ದು ಬಂದು ಪಕ್ಕದಲ್ಲಿ ನಿಂತರು.

"ತಟ್ಟೇಲಿ ಸತ್ತಿದೆ ಅಕ್ಕ. ಅದನ್ನ ರಕ್ತಕ್ಕೆ ಚುಚ್ಚಿದ್ರೆ ಲಿವರ್ ತಲುಪೋ ಮೊದಲೇ ಮೈ ಅದನ್ನ ಶತ್ರು ಅಂತ ಹಿಡ್ಕೊಳ್ಳುತ್ತೆ. ತಲುಪಿದ್ರೂ ಕೆಟ್ಟದ್ದು, ಒಳ್ಳೇದು ಅಂತ ನೋಡದೆ ಕೊಲ್ಲಬಹುದು. ಇದನ್ನ ಚುಚ್ಚಿದ ಇಲಿಗಳಿಗೆ ಏನಾಯ್ತು ಅಂತ ನೀವೇ ನೋಡಿದೀರಿ. ಅವರಿಗೆ ಉಳಿದಿರೋ ಲಿವರೇ ಅಷ್ಟು. ನಾನು ಇದನ್ನ ಕೊಟ್ರೆ ನಾನೇ ಅವರನ್ನ ಕೊಂದ ಹಾಗೆ."

ಬೀಜದಕ್ಕ ಇಲಿಗಳನ್ನು ನೋಡಿದ್ದಳು. ಸತ್ತವನ್ನು ಚೀಲಕ್ಕೆ ಹಾಕಿ ಕಟ್ಟಿದವಳೂ ಅವಳೇ. "ಸರಿ ಮಾಡೋಕೆ ಎಷ್ಟು ದಿನ ಬೇಕು ಮೇಡಂ?"

"ದಿನದ ಲೆಕ್ಕ ಅಲ್ಲ ಅಕ್ಕ" ಅಂದರು ಮೇಡಂ. ಅವರ ಕಣ್ಣೂ ತುಂಬಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ದಾರಿ ಇರಲಿಲ್ಲ.

ತಣ್ಣನೆ ಕೋಣೆಗೆ ಹಿಂತಿರುಗಿ ಬಾಗಿಲು ಎಳೆದುಕೊಂಡು ಅವಳು ಆ ಪುಟ್ಟ ಕೊಳವೆಯನ್ನು ಎತ್ತಿ ಅಂಗೈಯಲ್ಲಿ ಹಿಡಿದಳು. ಬಿಡಿಸಿದ್ದು ತಾನು, ಅರೆದದ್ದು ತಾನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಜನ ಹೇಳುತ್ತಾರಲ್ಲ, ಇದು ಬಾಯಿಗೆ ಹಾಕಿದರೂ ಪ್ರಯೋಜನವಿಲ್ಲದ ತುತ್ತು. ಕದ್ದು ಒಯ್ಯುವ ಯೋಚನೆ ಬಂತು. ಚೀಲ ಕಟ್ಟಿದ ಇಲಿಗಳೂ ನೆನಪಿಗೆ ಬಂದವು. ಕೊಳವೆ ಅಂಗೈಯಲ್ಲಿ ಬೆಚ್ಚಗಾಗುತ್ತಿತ್ತು. ಕೆಟ್ಟುಹೋದೀತು ಅಂತ ಅಭ್ಯಾಸಬಲದಿಂದ ವಾಪಸು ಐಸಿನಲ್ಲಿಟ್ಟಳು. ಆಮೇಲೆ ಅಳು ಬಂತು, ಕೂತು ಅತ್ತಳು.

ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಒಂದೇ ಪ್ರಶ್ನೆ. ಏನು ಹೇಳಲಿ? ಸತ್ತಿತು ಅಂದರೆ, ಹಾಗಾದರೆ ಕೊಡು ಅನ್ನುತ್ತಾನೆ. ಕೊಡುವುದಿಲ್ಲ ಅಂದರೆ, ಮದ್ದು ಇದ್ದೂ ಸತ್ತೆ ಅಂತ ಹಲ್ಲು ಕಚ್ಚಿಕೊಂಡು ಸಾಯುತ್ತಾನೆ. ಅವನ ಹೆಂಡತಿ ಒಂದು ಲೋಟವಿದ್ದ ರಸವನ್ನು ಎರಡು ಲೋಟ ಮಾಡುತ್ತಾಳೆ. ನಿಲ್ದಾಣ ಬಂತು. ಮುಚ್ಚಿದ ಗೂಡಂಗಡಿಯ ಬಾಗಿಲಿಗೆ ತಮ್ಮನೇ ಹಾಕಿದ ಬೀಗ ನೇತಾಡುತ್ತಿತ್ತು. ಅದನ್ನು ದಾಟುವಷ್ಟರಲ್ಲಿ ಅವಳ ಮನಸ್ಸು ಗಟ್ಟಿಯಾಗಿತ್ತು.

ತಮ್ಮ ಎದ್ದು ಕೂತು ಕಾಯುತ್ತಿದ್ದ. ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಪುಟ್ಟಿ ಅಪ್ಪನ ಕಾಲ ಬಳಿ ಶಾಲೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

"ಏನಾಯ್ತು ಅಕ್ಕ?"

"ಸಾಯಲಿಲ್ಲ ಕಣೋ" ಅಂದಳು ಬೀಜದಕ್ಕ. "ಬೇರೆಯವರದ್ದು ಸಾಯುತ್ತೆ, ನಿನ್ನದು ಸಾಯಲಿಲ್ಲ. ಎಷ್ಟು ಹಾಕಿದ್ರೂ ಬಗ್ಗಲಿಲ್ಲ."

ತಮ್ಮ ತನ್ನ ಕೈ ನೋಡಿಕೊಂಡ. ಆಮೇಲೆ ಅವನ ಭುಜ ಸಡಿಲವಾಯಿತು.

"ಕೀ ಹೊಂದದಿದ್ರೆ ಬೀಗ ತೆಗೆಯಲ್ಲ. ಅದು ನನಗೆ ಅರ್ಥ ಆಗುತ್ತೆ" ಅಂದ. ಉಸಿರು ಎಳೆದುಕೊಂಡು ಮುಂದುವರಿಸಿದ: "ನಿಜ ಹೇಳ್ಲಾ? ನಿನ್ನ ಮೇಲೆ ಕೋಪ ಇತ್ತು ಕಣಕ್ಕ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಹಾಗೆ, ಮದ್ದು ಕೈಯಲ್ಲಿ ಇಟ್ಕೊಂಡು ಅಕ್ಕ ಕೊಡ್ತಾ ಇಲ್ಲ ಅಂತ ದಿನಾ ಅಂದ್ಕೊಳ್ತಿದ್ದೆ. ಮನಸಲ್ಲಿ ಇಟ್ಕೋಬೇಡ."

ಬೀಜದಕ್ಕ ಅವನ ಕಾಲಿನ ಹೊದಿಕೆ ಸರಿಮಾಡಿದಳು.

"ಹಾಗಾದ್ರೆ ನಾಳೆಯಿಂದ ಆ ರಸ ಬೇಡ ಅಲ್ವಾ?" ಅಂತ ತಮ್ಮ ಕೇಳಿದ. ಹೋಂವರ್ಕ್ ಬೇಡ ಅಲ್ವಾ ಅಂತ ಚಿಕ್ಕಂದಿನಲ್ಲಿ ಕೇಳುತ್ತಿದ್ದದ್ದೂ ಇದೇ ದನಿಯಲ್ಲಿ.

"ಬೇಡ. ನಾಳೆಯಿಂದ ಬೇಡ."

ಅವನು ನಕ್ಕ. ಎಷ್ಟೋ ದಿನದ ಮೇಲೆ ಹಲ್ಲು ಕಾಣುವ ಹಾಗೆ ನಕ್ಕ. ಮರುದಿನ ಬೆಳಿಗ್ಗೆ ರಸದ ಲೋಟದಲ್ಲೇ ಸಕ್ಕರೆ ಜಾಸ್ತಿ ಹಾಕಿದ ಚಹಾ ಕೇಳಿ ಕುಡಿದ, ಅದು ಹೊಟ್ಟೆಯಲ್ಲಿ ನಿಂತಿತು. ಉಳಿದ ಕೆಲವೇ ದಿನ ಅವನಿಗೆ ಆ ಸಿಹಿ ಚಹಾ ಸಿಕ್ಕಿತು. ಆಮೇಲೆ ಎಚ್ಚರ ತಪ್ಪಿ, ಹಾಗೇ ಹೋದ. ಅವನ ಹೆಂಡತಿ ಅತ್ತಳು, ಅತ್ತ ಮೇಲೆ ಮೊದಲಿಗಿಂತಲೂ ಮೌನವಾದಳು. ಬೀಜದಕ್ಕ ಕೆಲಸಕ್ಕೆ ಹಿಂತಿರುಗಿದಾಗ ತಮ್ಮನ ಜೀವಕೋಶಗಳ ಒಂದು ಪಾಲನ್ನು ಮಂಜಿನಂತೆ ಹೊಗೆಯಾಡುವ, ಹೆಪ್ಪುಗಟ್ಟಿಸಿಡುವ ತೊಟ್ಟಿಯಲ್ಲಿ ಮುಂದಿನ ಪರೀಕ್ಷೆಗಳಿಗೆ ಇಟ್ಟಿದ್ದರು. ಮುಗಿದ ತಟ್ಟೆಗಳನ್ನು ಬ್ಲೀಚಿನಲ್ಲಿ ಮುಳುಗಿಸುವುದು ಅವಳ ಪಾಲಿನ ಕೆಲಸ. ಹುಡುಗಿ ತಾನೇ ಮಾಡುತ್ತೇನೆ ಅಂದಳು. ಬೇಡ ಅಂತ ಬೀಜದಕ್ಕ ತಾನೇ ಮುಳುಗಿಸಿದಳು.

ಇಲ್ಲಿಗೆ ಮುಗಿದಿದ್ದರೆ ಒಂದು ಸುಳ್ಳು ಒಬ್ಬನಿಗೆ ಕೆಲವು ದಿನ ಸಿಹಿ ಕೊಟ್ಟಿತು ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಹಾಳು ಮೊಬೈಲು ಬಿಡಬೇಕಲ್ಲ. ಮೇಡಂ ಯಾವುದೋ ಸಭೆಯಲ್ಲಿ ಎಚ್ಚರಿಕೆಯಿಂದ, ತಟ್ಟೆಯಲ್ಲಿ ಮಾತ್ರ, ಇನ್ನೂ ಬಹಳ ದೂರ ಅಂತ ಹೇಳಿದ ಮಾತು ಸುದ್ದಿಯಾಗಿ ಹೊರಗೆ ಬರುವಾಗ ಎಚ್ಚರಿಕೆಯೆಲ್ಲ ಉದುರಿಹೋಗಿ "ಹಾಗಲ ಬೀಜಕ್ಕೆ ಬೆದರಿದ ಲಿವರ್ ಕ್ಯಾನ್ಸರ್" ಅಂತ ಆಯಿತು. ಸ್ಥಳೀಯ ರೋಗಿಯೊಬ್ಬರು ಕೊಟ್ಟ ತುಣುಕಿನ ಮೇಲೂ ಪೂರ್ತಿ ಗುಣ ಕಂಡಿದೆ ಅಂತ ಬೇರೆ ಬರೆದಿದ್ದರು. ಅದನ್ನು ಯಾರೋ ಪುಣ್ಯಾತ್ಮರು ತಮ್ಮನ ಹೆಂಡತಿಗೆ ಕಳಿಸಿದರು.

ರಜೆಯ ದಿನ ಬೆಳಿಗ್ಗೆ ಬೀಜದಕ್ಕ ಅವರ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಮತ್ತೆ ಮಿಕ್ಸಿ ಅರಚುತ್ತಿತ್ತು. ತಮ್ಮನ ಹೆಂಡತಿ ಮಿಕ್ಸಿ ನಿಲ್ಲಿಸಿ, ಕೈ ಒರೆಸಿಕೊಂಡು, ಮೊಬೈಲನ್ನು ಅವಳ ಮುಂದೆ ಹಿಡಿದಳು.

"ಇದು ಅವರದ್ದೇನಾ ಅಕ್ಕ?"

"ಹೂಂ."

"ಸತ್ತಿತ್ತಾ?"

ಇನ್ನೊಂದು ಸುಳ್ಳಿಗೆ ಬೀಜದಕ್ಕನಲ್ಲಿ ಶಕ್ತಿ ಉಳಿದಿರಲಿಲ್ಲ. "ಸತ್ತಿತ್ತು. ಆದ್ರೆ ಅದು ತಟ್ಟೇಲಿ ಕಣಮ್ಮ. ರಸ ಕುಡಿದ್ರೆ ಅದು ಆಗಲ್ಲ. ಹೊಟ್ಟೇಲಿ ಜೀರ್ಣ ಆಗಿಹೋಗುತ್ತೆ. ಮೊದಲಿಂದಾನೂ ಅದು..."

"ಮೊದಲಿಂದಾನೂ ಗೊತ್ತಿದ್ರೆ ಮೊದಲೇ ಯಾಕೆ ಹೇಳಲಿಲ್ಲ?"

ಬೀಜದಕ್ಕ ಎದುರಿಗಿದ್ದ ಮೊಬೈಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಸಾಯಲಿಲ್ಲ ಅಂದ್ರಿ. ನಿಲ್ಲಿಸಿ ಅಂದ್ರಿ. ನಿಲ್ಲಿಸಿದೆ. ನಿಲ್ಲಿಸಿದ ವಾರದಲ್ಲೇ ಹೋದರು." ತಮ್ಮನ ಹೆಂಡತಿಯ ದನಿ ಏರಲಿಲ್ಲ. "ನಾನು ನಿಲ್ಲಿಸ್ತಾ ಇರಲಿಲ್ಲ ಅಕ್ಕ. ಅವರು ಉಗುಳಿದ್ರೂ ಕುಡಿಸ್ತಿದ್ದೆ."

ಹೇಳಲು ಬೀಜದಕ್ಕನ ಬಳಿ ನಿಜವಿತ್ತು, ಪೂರ್ತಿ ನಿಜ. ಆದರೆ ಒಮ್ಮೆ ಸುಳ್ಳಾಡಿದ ಬಾಯಿಂದ ಬಂದ ನಿಜಕ್ಕೆ ಈ ಮನೆಯಲ್ಲಿ ಇನ್ನು ಬೆಲೆಯಿಲ್ಲ ಅಂತ ಅವಳಿಗೆ ಆ ಮುಖ ನೋಡಿಯೇ ತಿಳಿಯಿತು.

ತಮ್ಮನ ಹೆಂಡತಿ ಜಾರಿನ ಹಸಿರು ನೊರೆಯನ್ನು ಲೋಟಗಳಿಗೆ ಬಗ್ಗಿಸಿದಳು. ಒಂದನ್ನು ಪುಟ್ಟಿಯ ಮುಂದಿಟ್ಟಳು. ಅಪ್ಪನಿಗೆ ಬಂದದ್ದು ಮಗಳಿಗೆ ಬರಬಾರದು ಅಂತ ಈಗ ದಿನವೂ ಅವಳಿಗೆ ಕೊಡುತ್ತಾಳಂತೆ. ಇನ್ನೊಂದನ್ನು ಬೀಜದಕ್ಕನ ಮುಂದಿಟ್ಟು, "ನೀವೂ ಕುಡೀರಿ" ಅಂದಳು.

ಬೀಜದಕ್ಕ ಲೋಟ ಎತ್ತಿದಳು. ಇಷ್ಟು ವರ್ಷ ಬೀಜ ಬಿಡಿಸಿದವಳು ಒಂದು ದಿನವೂ ಅದರ ರಸ ಬಾಯಿಗೆ ಹಾಕಿದವಳಲ್ಲ. ಮೊದಲ ಗುಟುಕಿಗೇ ಕಹಿ ನಾಲಗೆಯ ತುದಿಯಿಂದ ಬುಡದವರೆಗೆ ಹತ್ತಿತು. ತಮ್ಮ ಇದನ್ನು ದಿನವೂ ಕುಡಿದ. ಅವಳು ಮೂಗು ಹಿಡಿಯದೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. ಪುಟ್ಟಿಯೂ ಮುಗಿಸಿದ ಮೇಲೆ ತಮ್ಮನ ಹೆಂಡತಿ ಎರಡೂ ಲೋಟದ ತಳ ನೋಡಿ, ತೊಳೆಯಲು ಒಳಗೆ ಒಯ್ದಳು.

ಪುಟ್ಟಿ ತುಟಿಯ ಮೇಲಿನ ಹಸಿರನ್ನು ತೋಳಿನಿಂದ ಒರೆಸಿಕೊಂಡಳು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಅತ್ತೆಯ ಸೆರಗು ಎಳೆದು ಪಿಸುಗುಟ್ಟಿದಳು.

"ಅತ್ತೆ, ಅಪ್ಪನಿಗೆ ಹೇಳಿದ್ರಲ್ಲ ಹಾಗೆ ನನಗೂ ಹೇಳಿ. ನಾಳೆಯಿಂದ ಬೇಡ ಅಲ್ವಾ?"

ಒಳಗೆ ನಲ್ಲಿಯ ಸದ್ದು ನಿಂತಿತು. ಪಾತ್ರೆಯ ಸದ್ದೂ ನಿಂತಿತು.

"ನಾಳೆನೂ ಕುಡಿ ಪುಟ್ಟಿ" ಅಂದಳು ಬೀಜದಕ್ಕ. "ಅಮ್ಮ ಹೇಳಿದ ಹಾಗೆ ಕೇಳು."